ಚಿಕ್ಕಮ್ಮ ಮಲಗುವ ದಿಕ್ಕು

ಮಾರ್ಚ್ ೬

ಅಕ್ಕ,

ನೀನು ಕಳಿಸಿದ ಮೇಕೆ ನಿನ್ನೆ ದೋಣಿಯಿಂದ ಇಳಿಯಿತು. ಇಳಿಯಿತು ಎಂದರೆ ಸುಳ್ಳು. ನಾನೂ ದೋಣಿಯ ಹುಡುಗನೂ ಮುಂದಿನಿಂದ ಎಳೆದೆವು, ದೋಣಿಯವನು ಹಿಂದಿನಿಂದ ದಬ್ಬಿದ, ಮೂವರೂ ನೀರಿಗೆ ಬಿದ್ದೆವು. ಆಮೇಲೆ ಅದು ತಾನಾಗಿಯೇ ಹಾರಿ ಬಂಡೆಯ ಮೇಲೆ ನಿಂತು ನಮ್ಮನ್ನು ನೋಡಿತು. ಹೊಟ್ಟೆಯ ಹೊಲಿಗೆ ಚೆನ್ನಾಗಿ ಕೂಡಿಕೊಂಡಿದೆ. ಕೈಗುಣ ಅಂದರೆ ನಿನ್ನದು.

ಕತ್ತಿನ ರೇಡಿಯೊ ಪಟ್ಟಿಯೂ ಸರಿಯಾಗಿದೆ. ಆಂಟೆನಾ ಹಿಡಿದು ಗುಡ್ಡದ ಮೇಲೆ ನಿಂತರೆ ಕಿವಿಯಲ್ಲಿ ಟಿಕ್ ಟಿಕ್ ಎನ್ನುತ್ತದೆ. ಅದು ಇರುವ ಕಡೆಗೆ ತಿರುಗಿದರೆ ಜೋರಾಗುತ್ತದೆ. ಇಲಾಖೆಯವರು ಅದಕ್ಕೊಂದು ಸಂಖ್ಯೆ ಕೊಟ್ಟಿದ್ದಾರೆ. ನಾನು ಇಟ್ಟ ಹೆಸರು ಚಿಕ್ಕಮ್ಮ. ಬೈಯಬೇಡ, ಕಾರಣ ಕೇಳು. ಬಿಟ್ಟ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿತ್ತು. ಆಮೇಲೆ ಕೂಗಲು ಶುರುಮಾಡಿತು ನೋಡು! ಮನೆಯಲ್ಲಿ ಯಾರೂ ಕಾಣದಿದ್ದಾಗ ನಮ್ಮ ಚಿಕ್ಕಮ್ಮ ಕೋಣೆ ಕೋಣೆಗೂ ಹೋಗಿ "ಯಾರಿದ್ದೀರೇ? ಯಾರಾದ್ರೂ ಇದ್ದೀರೇನೋ?" ಎನ್ನುತ್ತಾರಲ್ಲ, ಥೇಟ್ ಅದೇ ರಾಗ. ಒಂದು ಗಳಿಗೆ ಒಂಟಿಯಾಗಿ ಕೂರಲಾರದ ಜೀವ.

ನಮಗೆ ಬೇಕಾದದ್ದೂ ಅದೇ. ಇಲ್ಲಿ ಕಾಡುಬಿದ್ದ ಮೇಕೆಗಳು ಇನ್ನೂ ಎಷ್ಟಿವೆಯೋ ಯಾರಿಗೂ ಗೊತ್ತಿಲ್ಲ. ಮನುಷ್ಯರ ಸುಳಿವು ಸಿಕ್ಕರೆ ಬಂಡೆಯ ಬಿರುಕಿಗೆ ನುಗ್ಗುತ್ತವೆ. ಆದರೆ ಇನ್ನೊಂದು ಮೇಕೆ ಬಂದರೆ ಅಡಗುವುದಿಲ್ಲ. ಅವುಗಳನ್ನು ಚಿಕ್ಕಮ್ಮ ಹುಡುಕುತ್ತಾಳೆ, ಚಿಕ್ಕಮ್ಮನನ್ನು ನಾನು ಹುಡುಕುತ್ತೇನೆ. ನನ್ನ ಕೆಲಸ ಅಷ್ಟಕ್ಕೆ ಮುಗಿಯಿತು. ಉಳಿದದ್ದು ಬೇರೆಯವರದು.

ಇಲ್ಲಿ ಫೋನು ಹತ್ತುವುದಿಲ್ಲ. ಸಾಮಾನಿನ ದೋಣಿ ಹದಿನೈದು ದಿನಕ್ಕೊಮ್ಮೆ ಬರುತ್ತದೆ, ಅದೂ ಸಮುದ್ರ ಒಪ್ಪಿದರೆ. ಕಾಗದ ಬರೆಯುತ್ತಿರು.

ಕಡ್ಡಿ

ಮಾರ್ಚ್ ೨೧

ಕಡ್ಡಿ,

ನಿನ್ನ ಕಾಗದವನ್ನು ಜೋರಾಗಿ ಓದಿದ್ದು ನನ್ನ ತಪ್ಪು. ಚಿಕ್ಕಮ್ಮ ಬಟ್ಟಲು ಒರೆಸುತ್ತಿದ್ದವರು ಹಾಗೇ ನಿಂತರು.

"ನನ್ ಹೆಸ್ರು ಮೇಕೆಗಾ? ನೋಡೋಕೆ ಹೇಗಿದೆ ಅದು?"

"ಕಂದು ಬಣ್ಣ ಚಿಕ್ಕಮ್ಮ. ಉದ್ದ ಮುಖ."

"ಉದ್ದ ಮುಖ ನಿಮ್ಮಮ್ಮಂದು. ನಂದಲ್ಲ" ಎಂದು ಮತ್ತೆ ಒರೆಸತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ, "ಅಲ್ವೇ, ಅದು ಹುಡುಕ್ಕೊಂಡು ಹೋದ ಮನೇಲಿ ಆಮೇಲೆ ಏನಾಗುತ್ತೆ?" ಎಂದು ಕೇಳಿದರು. ಹೇಳಿದೆ. ಕೊಲ್ಲುತ್ತಾರೆ ಎಂದಾಗ ಅವರು ಒರೆಸಿದ ಬಟ್ಟಲನ್ನೇ ಮತ್ತೆ ತಿರುಗಿಸಿ ತಿರುಗಿಸಿ ಒರೆಸಿದರು.

ನನಗೂ ಕೆಲವು ಪ್ರಶ್ನೆಗಳಿವೆ. ಮರಿಯಾಗದಂತೆ ಮಾಡಿ ಕಳಿಸಿ ಎಂದಷ್ಟೇ ನಿಮ್ಮ ಇಲಾಖೆ ಹೇಳಿತ್ತು, ಹಾಗೆ ಮಾಡಿದೆ. ಮೇಜಿನ ಮೇಲೆ ಮಂಪರಿನಲ್ಲಿದ್ದಾಗಲೂ ಅವಳು ಒಂದು ಕಿವಿಯನ್ನು ಹಿತ್ತಲಿನ ಕಡೆ ತಿರುಗಿಸುತ್ತಿದ್ದಳು. ನಮ್ಮ ಆಸ್ಪತ್ರೆಯ ಮೇಕೆಗಳು ಅಲ್ಲಿ ಕೂಗುತ್ತಿದ್ದವು. ಹೊಲಿಗೆ ಹಾಕುತ್ತಾ ಅದನ್ನೇ ನೋಡುತ್ತಿದ್ದೆ. ಅಲ್ಲಿ ಅವಳು ಗುಂಪನ್ನು ಸೇರಿದ ಮೇಲೆ ಹೇಗೆ ಕೊಲ್ಲುತ್ತಾರೆ? ಅವಳ ಕಣ್ಣೆದುರಿಗೇನಾ? ಮುಗಿದ ಮೇಲೆ ಅವಳು ಏನು ಮಾಡುತ್ತಾಳೆ? ನಿನ್ನನ್ನು ಚುಚ್ಚಲು ಕೇಳುತ್ತಿಲ್ಲ. ನಿಜಕ್ಕೂ ತಿಳಿಯಬೇಕು. ಇಪ್ಪತ್ತು ವರ್ಷದಿಂದ ಮೇಕೆಗಳ ಹೊಟ್ಟೆ ಕೊಯ್ದಿದ್ದೇನೆ, ತಲೆಯೊಳಗೆ ಏನಿದೆಯೋ ಕಂಡಿಲ್ಲ.

ಅಕ್ಕ

ಏಪ್ರಿಲ್ ೫

ಅಕ್ಕ,

ಹೌದು, ಅವಳ ಕಣ್ಣೆದುರಿಗೇ. ಅವಳೊಬ್ಬಳನ್ನು ಬಿಟ್ಟು ಉಳಿದವನ್ನು. ಅವಳು ಸ್ವಲ್ಪ ದೂರ ಓಡಿ ನಿಲ್ಲುತ್ತಾಳೆ, ಮತ್ತೆ ಬಂದು ಮೂಸುತ್ತಾಳೆ. ಸಂಜೆಯವರೆಗೆ ಅಲ್ಲೇ ಇರುತ್ತಾಳೆ. ಮಾರನೆಯ ದಿನ "ಯಾರಿದ್ದೀರೇ" ಎಂದು ಮತ್ತೆ ಹೊರಡುತ್ತಾಳೆ. ಇದಿಷ್ಟು ನಾನು ಕಂಡದ್ದು. ತಲೆಯೊಳಗಿನದು ನನಗೂ ಗೊತ್ತಿಲ್ಲ.

ನಿನ್ನ ಪ್ರಶ್ನೆಗೆ ಎದುರಾಗಿ ನಾನೊಂದು ಹಕ್ಕಿಯನ್ನು ಇಡುತ್ತೇನೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಬೂದು ಬಣ್ಣ, ನೋಡಿದರೆ ಎರಡನೇ ಸಲ ನೋಡುವಂಥದ್ದೇನೂ ಇಲ್ಲ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ಈ ದ್ವೀಪದಲ್ಲಿ ಮಾತ್ರ ಇತ್ತು. ಮೊಣಕಾಲೆತ್ತರದ ಒಂದು ಮುಳ್ಳುಪೊದೆ ಇದೆ, ಅದೂ ಇಲ್ಲಿಯದೇ. ಗೂಡು ಕಟ್ಟಿದರೆ ಅದರೊಳಗೇ. ಮುಳ್ಳಿದ್ದರೆ ದೊಡ್ಡ ಕಡಲಹಕ್ಕಿಗಳು ಕೊಕ್ಕು ಹಾಕಲಾರವು. ಮೇಕೆಗಳಿಗೆ ಮುಳ್ಳು ಯಾವ ಲೆಕ್ಕ? ಚಿಗುರಿದ್ದನ್ನು ಚಿಗುರಿದ ಹಾಗೆ ತಿಂದು ಮುಗಿಸಿದವು. ಈಗ ಉಳಿದ ಹಕ್ಕಿಗಳು ಹನ್ನೊಂದು. ಇಲಾಖೆಯ ಪಂಜರದಲ್ಲಿವೆ. ಇಲ್ಲಿಗೆ ಬರುವ ಮುಂಚೆ ಹೋಗಿ ನೋಡಿದ್ದೆ. ಪಂಜರದ ಮೂಲೆಯಲ್ಲಿ ಒಂದು ಹಕ್ಕಿ ಕೂತು ಬೀಗದ ಕೈ ತಿರುಗಿಸಿದ ಹಾಗೆ ಎರಡು ಸಲ ಕಟಕ್ ಕಟಕ್ ಎಂದಿತು. ಅಷ್ಟೇ ಅದರ ಹಾಡು.

ಪೊದೆಗೆ ಕೂಗಲು ಬರುವುದಿಲ್ಲ ಅಕ್ಕ. ಕೂಗುವುದರ ಕಡೆಗೆ ನಾವು ಬೇಗ ವಾಲುತ್ತೇವೆ.

ಚಿಕ್ಕಮ್ಮ ಈ ತಿಂಗಳು ನಾಲ್ಕು ಗುಂಪು ಹುಡುಕಿಕೊಟ್ಟಳು. ಮನೆಯ ಚಿಕ್ಕಮ್ಮನಿಗೆ ಹೇಳು, ಹೆಸರು ಉಳಿಸಿದ್ದಾಳೆ ಎಂದು.

ಕಡ್ಡಿ

ಏಪ್ರಿಲ್ ೨೦

ಕಡ್ಡಿ,

ಹೇಳಲಿಲ್ಲ. ಅದು ನಗುವ ಮಾತಲ್ಲ ಎನಿಸಿತು.

ನಿನ್ನ ಹಕ್ಕಿಯ ವಿಷಯ ಓದಿ ಒಂದು ವಾರ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ಒಪ್ಪುತ್ತೇನೆ, ಅರ್ಧ. ಇನ್ನರ್ಧ ಇದು: ಆ ಮೇಕೆಗಳು ಈಜಿಕೊಂಡು ಬಂದವೇ? ಯಾವನೋ ಹಡಗಿನವನು ಮುಂದಿನ ಸಲ ಬಂದಾಗ ಮಾಂಸಕ್ಕಿರಲಿ ಎಂದು ಬಿಟ್ಟು ಹೋದ. ಇನ್ನೂರು ವರ್ಷ ಅಂತ ನೀನೇ ಹೇಳಿದ್ದೆ. ಇನ್ನೂರು ವರ್ಷದಲ್ಲಿ ಎಷ್ಟು ತಲೆಮಾರು ಕಳೆಯಿತೋ! ಈಗಿರುವ ಒಂದೊಂದು ಮೇಕೆಯೂ ಆ ದ್ವೀಪದಲ್ಲೇ ಹುಟ್ಟಿದ್ದು, ಬೇರೆ ಊರು ಕಂಡಿಲ್ಲ. ಇಲ್ಲಿಯದು ಎನ್ನಿಸಿಕೊಳ್ಳಲು ಎಷ್ಟು ಕಾಲ ಬೇಕು? ನಿನ್ನ ಮೇಲಧಿಕಾರಿಯನ್ನು ಕೇಳು. ವಾದಕ್ಕಲ್ಲ, ಅವರು ಒಂದು ಸಂಖ್ಯೆ ಹೇಳಿದರೆ ನನಗೆ ಬೇಕು. ನಮ್ಮ ಬೀದಿಯಲ್ಲಿ ನಮಗೇ ಇನ್ನೂ ಹೊಸಬರು ಎನ್ನುತ್ತಾರೆ.

ಬಂದೂಕು ಹಿಡಿಯುವವನು ಯಾರು? ಹೇಗಿದ್ದಾನೆ? ನಿಮ್ಮ ಗುಡಿಸಲಿನಲ್ಲೇ ಇರುತ್ತಾನಾ? ನೀನು ಒಮ್ಮೆಯೂ ಅವನ ಮಾತೆತ್ತಿಲ್ಲ. ಅಂಥವನ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡುವುದು ಹೇಗಿರಬಹುದು ಎಂದು ಯೋಚಿಸುತ್ತಿದ್ದೆ. ನಿನ್ನ ಕೈಯಲ್ಲಿ ಬರೀ ಆಂಟೆನಾ ಇರುವುದು ನನಗೆ ಸಮಾಧಾನ. ಚಿಕ್ಕವನಿದ್ದಾಗ ಸತ್ತ ಜಿರಲೆಯನ್ನೂ ನನ್ನ ಕೈಯಲ್ಲಿ ಎತ್ತಿಸುತ್ತಿದ್ದವನು ನೀನು.

ಅಕ್ಕ

ಜೂನ್ ೧೪

ಅಕ್ಕ,

ಮೂರು ದೋಣಿ ಖಾಲಿ ಕೈಯಲ್ಲಿ ಕಳಿಸಿದೆ. ಬರೆಯಲು ಕೂತೆ, ಕೈ ಓಡಲಿಲ್ಲ. ಗಾಳಿ, ಕೆಲಸ ಎರಡೂ ಜಾಸ್ತಿ ಎಂದುಕೋ.

ನೀನು ಬಂದೂಕಿನವನ ಬಗ್ಗೆ ಕೇಳಿದ್ದೆ. ಅಂಥ ವಿಶೇಷವೇನಿಲ್ಲ. ಇದೇ ಗುಡಿಸಲಿನಲ್ಲಿರುತ್ತಾನೆ. ಮಾತು ಕಡಿಮೆ. ಸೂಪು ಕುದಿಸಿಟ್ಟು ಕುಡಿಯುವುದನ್ನು ಮರೆಯುತ್ತಾನೆ. ಒಂದೇ ಗುಂಡಿಗೆ ಮುಗಿಯಬೇಕು. ಎರಡನೆಯದು ಬೇಕಾಯಿತೋ, ಅವತ್ತಿಡೀ ತನ್ನ ಮೇಲೇ ಸಿಡುಕುತ್ತಾನೆ. ಕೆಟ್ಟವನಲ್ಲ. ಅವನ ಜೊತೆ ಊಟ ಮಾಡುವುದು ಅಭ್ಯಾಸವಾಗುತ್ತದೆ.

ಮೇಲಧಿಕಾರಿಯನ್ನು ರೇಡಿಯೊದಲ್ಲಿ ಕೇಳಿದೆ, ಎಷ್ಟು ವರ್ಷ ಎಂದು. "ನಿಮ್ ಅಕ್ಕ ಏನ್ ಕೆಲಸ ಮಾಡ್ತಾರೆ?" ಎಂದರು. ಸಂಖ್ಯೆ ಹೇಳಲಿಲ್ಲ.

ಚಿಕ್ಕಮ್ಮ ಬದಲಾಗಿದ್ದಾಳೆ. ಮೊದಲು ಗುಂಪು ಕಂಡರೆ ಓಡುತ್ತಿದ್ದಳು. ಮೇ ತಿಂಗಳಲ್ಲಿ ದೂರ ನಿಂತು ನೋಡತೊಡಗಿದಳು. ಒಮ್ಮೆ ಒಂದು ಎಳೆ ಮೇಕೆ ತಾನಾಗಿ ಹತ್ತಿರ ಬಂದರೆ ತಲೆಯಿಂದ ಗುದ್ದಿ ಗುದ್ದಿ ಅಟ್ಟಿದಳು. ಜಗಳಗಂಟಿಯಾಗಿದ್ದಾಳೆ, ವಯಸ್ಸಾಯಿತೇನೋ.

ಈಗ ಒಳ್ಳೆಯ ಸುದ್ದಿ. ಒಂದು ತಿಂಗಳಿಂದ ಅವಳಿಗೆ ಯಾರೂ ಸಿಕ್ಕಿಲ್ಲ. ಅಂದರೆ ಮುಗಿಯಿತು, ದ್ವೀಪ ಖಾಲಿ! ಅವಳೂ ನೆಮ್ಮದಿಯಾಗಿದ್ದಾಳೆ. ಕೂಗುವುದು ನಿಂತಿದೆ. ನಡುಗುಡ್ಡದ ಬಯಲಿನಲ್ಲಿ ಮೇಯುತ್ತಾಳೆ, ಬಿಸಿಲಿಗೆ ಮಲಗಿ ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಾಳೆ. ಒಂಟಿತನ ಕಲಿತುಬಿಟ್ಟಳು. ನೋಡಿದರೆ ನನಗೇ ಹಗುರಾಗುತ್ತದೆ. ನಿನಗೂ ಆಗಲಿ ಎಂದು ಬರೆದೆ.

ಕಡ್ಡಿ

ಜೂನ್ ೨೮

ಕಡ್ಡಿ,

ಕೆಲಸ ಜಾಸ್ತಿ, ಹಾಗಾಗಿ ಚುಟುಕಾಗಿ. ಚಿಕ್ಕಮ್ಮ ಮಲಗಿದಾಗ ಯಾವ ಕಡೆ ಮುಖ ಮಾಡಿರುತ್ತಾಳೆ? ದಿನವೂ ಒಂದೇ ಕಡೆಗಾ, ಅಥವಾ ಗಾಳಿ ಬಂದ ಹಾಗೆ ಬದಲಾಗುತ್ತದಾ? ನಾಲ್ಕೈದು ದಿನ ನೋಡಿ ಬರಿ.

ಅಕ್ಕ

ಜುಲೈ ೧೨

ಅಕ್ಕ,

ದಿನವೂ ಉತ್ತರಕ್ಕೆ. ಅಲ್ಲಿ ಬಂಡೆ ನೇರ ಸಮುದ್ರಕ್ಕೆ ಇಳಿಯುತ್ತದೆ, ಮನುಷ್ಯರು ಹತ್ತಲಾರರು. ಗಾಳಿಯೂ ಈಗ ಆ ಕಡೆಯಿಂದಲೇ. ತಂಪು ಗಾಳಿಗೆ ಮುಖ ಒಡ್ಡುತ್ತಾಳೆ ಅಂತ ಕಾಣುತ್ತದೆ. ಯಾಕೆ ಕೇಳಿದೆ? ಏನಾದರೂ ಕಾಯಿಲೆಯೇ?

ಇಲ್ಲಿ ಸಂಭ್ರಮವೋ ಸಂಭ್ರಮ. ಇಲಾಖೆಯ ನರ್ಸರಿಯಲ್ಲಿ ಬೆಳೆಸಿದ ಮುಳ್ಳುಪೊದೆಯ ಸಸಿಗಳು ಬಂದಿಳಿದಿವೆ. ಮಂಡಿಯೂರಿ ನೆಟ್ಟು ನೆಟ್ಟು ಪ್ಯಾಂಟು ಹರಿಯಿತು. ಅಕ್ಟೋಬರಿಗೆ ಹಕ್ಕಿಗಳನ್ನು ಕಳಿಸುತ್ತಾರಂತೆ. ಹನ್ನೊಂದನ್ನೂ. ಅಂದರೆ ಇರುವುದನ್ನೆಲ್ಲ.

ಕಡ್ಡಿ

ಜುಲೈ ೨೬

ಕಡ್ಡಿ,

ಸುಮ್ಮನೆ ಕೇಳಿದೆ. ಕಾಯಿಲೆ ಏನಿಲ್ಲ.

ಇಲ್ಲಿ ಎಲ್ಲ ಮಾಮೂಲು. ಔಷಧಿ ಕೋಣೆಯ ನಲ್ಲಿ ಮತ್ತೆ ಸೋರುತ್ತಿದೆ, ಕೆಳಗೆ ಬಕೆಟ್ಟು ಇಟ್ಟಿದ್ದೇವೆ, ರಿಪೇರಿಯವನು ನಾಳೆ ನಾಳೆ ಎನ್ನುತ್ತಾನೆ. ದರ್ಜಿಯ ಬೆಕ್ಕು ಸೂಜಿ ನುಂಗಿತ್ತು, ತೆಗೆದೆ. ಅವನು ಸೂಜಿಯನ್ನು ತೊಳೆದು ವಾಪಸು ತೆಗೆದುಕೊಂಡು ಹೋದ. ಚಿಕ್ಕಮ್ಮನಿಗೆ ಹೊಸ ಕನ್ನಡಕ ಬಂತು. ಹಾಕಿಕೊಂಡು ನನ್ನನ್ನು ನೋಡಿ, "ಅಯ್ಯೋ, ನಿಂಗೂ ಇಷ್ಟು ವಯಸ್ಸಾಯ್ತೇನೇ!" ಎಂದರು.

ಗಾಳಿಯಲ್ಲಿ ಟೋಪಿ ಇಲ್ಲದೆ ತಿರುಗಬೇಡ.

ಅಕ್ಕ

ಆಗಸ್ಟ್ ೨೩

ಅಕ್ಕ,

ಸಸಿ ಹೋದವು. ಉತ್ತರದ ಇಳಿಜಾರಿನಲ್ಲಿ ನೆಟ್ಟಿದ್ದು ಪೂರ್ತಿ. ಎಲೆ ತಿಂದಿದ್ದರೆ ಚಿಗುರುತ್ತಿತ್ತು, ಬುಡಸಮೇತ ಕಿತ್ತಿದೆ. ಎರಡು ದಿನ ನಾನು ಊಟ ಮಾಡಲಿಲ್ಲ.

ಮೇಲಧಿಕಾರಿಗೆ ತಿಳಿಸಿದೆ. ಅವರ ಮಾತು ಒಂದೇ: "ದ್ವೀಪದಲ್ಲಿ ಇರೋದು ಒಂದೇ ಮೇಕೆ. ಇನ್ಯಾರು ತಿಂತಾರೆ? ಅದನ್ನೂ ಮುಗಿಸಿಬಿಡಿ. ಹಕ್ಕಿ ಬರೋದು ತಡ ಆಗ್ಬಾರ್ದು." ಆಗಲಿ ಎಂದೆ. ಮಣ್ಣಿನಲ್ಲಿ ಗೊರಸಿನ ಗುರುತು ಇದೆ. ಅವಳದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಮಣ್ಣು ಒಣಗಿ ಕುಗ್ಗಿರಬೇಕು.

ಇನ್ನೊಂದು ದೋಣಿ ಬರುವವರೆಗೆ ಹೇಗೋ ತಳ್ಳುತ್ತೇನೆ. ಅದರ ಮೇಲೆ ಆಗದು. ಅವಳು ಬಯಲಿನಲ್ಲಿ ಮಲಗಿ ಮೆಲುಕು ಹಾಕುತ್ತಿದ್ದಾಳೆ, ಏನೂ ಆಗಿಲ್ಲ ಎನ್ನುವ ಹಾಗೆ.

ಚಿಕ್ಕಮ್ಮನಿಗೆ ಇದನ್ನು ಓದಿ ಹೇಳಬೇಡ.

ಕಡ್ಡಿ

ಆಗಸ್ಟ್ ೩೦

ಕಡ್ಡಿ,

ಅವಳನ್ನು ಮುಟ್ಟಬೇಡ. ಸಸಿ ಕಿತ್ತದ್ದು ಅವಳಲ್ಲ.

ಗೊರಸಿನ ಗುರುತು ಒಣಗಿದರೆ ಬಿರುಕು ಬಿಡುತ್ತದೆ, ಅಷ್ಟೊಂದು ಕುಗ್ಗುವುದಿಲ್ಲ. ಚಿಕ್ಕ ಗುರುತು ಎಂದರೆ ಚಿಕ್ಕ ಕಾಲು. ಉತ್ತರದ ಬಂಡೆಯಲ್ಲಿ ಮೇಕೆಗಳಿವೆ. ಮರಿಗಳೂ ಇವೆ.

ಹೇಗೆ ಗೊತ್ತು ಎನ್ನುತ್ತೀಯ. ನಿಜಕ್ಕೂ ಒಂಟಿಯಾದ ಮೇಕೆ ಮಲಗಿ ಮೆಲುಕು ಹಾಕುವುದಿಲ್ಲ. ನಮ್ಮ ಹಿತ್ತಲಿನಲ್ಲಿ ಒಂದನ್ನು ಬೇರೆ ಕೊಟ್ಟಿಗೆಗೆ ಹಾಕಿದರೆ ಗಂಟಲು ಕಟ್ಟುವವರೆಗೆ ಕೂಗುತ್ತದೆ, ಮೇವು ಮುಟ್ಟುವುದಿಲ್ಲ. ಗೋಡೆಯಾಚೆಯಿಂದ ಬೇರೆ ಮೇಕೆಗಳ ವಾಸನೆ ಬಂತೋ, ಆ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತದೆ. ಚಿಕ್ಕಮ್ಮ ಒಂಟಿತನ ಕಲಿತಿಲ್ಲ. ದೂರ ಇರುವುದನ್ನು ಕಲಿತಳು. ಹತ್ತಿರ ಹೋದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಾಗಿದೆಯೋ ಏನೋ. ಗೊತ್ತಾಗಿದೆ ಎಂದು ಆಣೆ ಮಾಡಿ ಹೇಳಲಾರೆ. ಆದರೆ ಅವಳು ವಾಸನೆ ಸಿಗುವಷ್ಟು ದೂರದಲ್ಲಿ ಮಲಗುತ್ತಾಳೆ, ನಿನ್ನ ಕಣ್ಣು ಅವುಗಳ ಮೇಲೆ ಬೀಳದಷ್ಟು ದೂರದಲ್ಲಿ.

ಜೂನ್‌ನಲ್ಲಿ ನಿನ್ನ ಕಾಗದ ಓದಿದಾಗ ಅನುಮಾನ ಬಂತು. ಜುಲೈನಲ್ಲಿ ನೀನು ದಿಕ್ಕು ಬರೆದಾಗ ಖಾತ್ರಿಯಾಯಿತು. ಆವತ್ತು ನಲ್ಲಿಯ ವಿಷಯ ಬರೆದೆ. ಚಿಕ್ಕಮ್ಮ ಕೇಳಿದ್ದರು, "ಎಷ್ಟೊತ್ತಿಂದ ಬರೀತಿದ್ದೀಯ, ಒಂದು ಪುಟಾನೂ ಆಗಿಲ್ವಲ್ಲೇ" ಎಂದು. ಹೇಳದಿದ್ದರೆ ಅವು ಬದುಕುತ್ತವೆ ಎನ್ನುವುದೊಂದೇ ತಲೆಯಲ್ಲಿತ್ತು. ಹಕ್ಕಿ ನನಗೆ ನಿನ್ನ ಕಾಗದದಲ್ಲಿದ್ದ ಹಕ್ಕಿ, ಅಷ್ಟೇ.

ಈಗ ಹೇಳಿದೆ. ಅವಳ ಕತ್ತಿಗೆ ಕಟ್ಟಿದ ಪಟ್ಟಿ ಸೋತ ಕಡೆ ನಾನು ದಾರಿ ತೋರಿಸಿದ ಹಾಗಾಯಿತು.

ಅಕ್ಕ

ಸೆಪ್ಟೆಂಬರ್ ೧೩

ಅಕ್ಕ,

ಇದ್ದವು. ಬಂಡೆಯ ಅರ್ಧದಲ್ಲಿ ಒಂದು ಚಾಚು, ಮೇಲಿನಿಂದಲೂ ಕಾಣದು, ಕೆಳಗಿನಿಂದಲೂ ಕಾಣದು. ಹಗ್ಗ ಕಟ್ಟಿಕೊಂಡು ಇಳಿಯಬೇಕಾಯಿತು. ಎರಡು ಮೇಕೆ, ಒಂದು ಹೋತ, ಎರಡು ಮರಿ. ಮರಿಗಳಿಗೆ ಹೆಚ್ಚೆಂದರೆ ಒಂದೂವರೆ ತಿಂಗಳು.

ಲೆಕ್ಕ ನೀನೇ ಹಾಕು. ಜೂನ್‌ನಲ್ಲಿ ಒಂದು ಸಾಲು ಬರೆದಿದ್ದರೆ ಮೂರು. ಈಗ ಐದು. ಆ ಎರಡು ಈ ಲೋಕಕ್ಕೆ ಬಂದು, ಅಷ್ಟಿಷ್ಟು ನೆಗೆದಾಡಿ, ನನ್ನ ಸಸಿ ತಿಂದು, ಸತ್ತವು. ಅದಕ್ಕೆ ಕರುಣೆ ಅಂತ ಹೆಸರಿಡುತ್ತೀಯಾ? ಇನ್ನೊಂದು. ಹಕ್ಕಿಗೆ ಕೇಡಾಗುತ್ತದೆ ಎಂದಾಗ ನೀನು ಬಾಯಿ ಬಿಡಲಿಲ್ಲ. ಚಿಕ್ಕಮ್ಮನನ್ನು ಮುಗಿಸುತ್ತೇನೆ ಎಂದ ತಕ್ಷಣ ಬರೆದೆ. ಅವಳ ಹೊಟ್ಟೆಗೆ ಹೊಲಿಗೆ ಹಾಕಿದವಳು ನೀನು, ಅದಕ್ಕೆ. ಒಂದನ್ನು ಉಳಿಸಲು ಐದನ್ನು ಕೊಟ್ಟೆ. ತಪ್ಪು ಎನ್ನುತ್ತಿಲ್ಲ. ನೀನು ನನ್ನನ್ನು ಕೇಳಿದ ಪ್ರಶ್ನೆಗಳನ್ನು ಒಂದು ಸಲ ನಿನಗೂ ಕೇಳಿಕೋ ಎನ್ನುತ್ತಿದ್ದೇನೆ.

ಸಿಟ್ಟಿನಲ್ಲಿರುವಾಗಲೇ ಇದನ್ನೂ ಬರೆದುಬಿಡುತ್ತೇನೆ, ಆರಿದ ಮೇಲೆ ಬರೆಯಲಾರೆ. ಬಂದೂಕಿನವನು ಎಂದು ಬೇರೆ ಯಾರೂ ಇಲ್ಲಿಲ್ಲ. ಮೊದಲ ದಿನದಿಂದಲೂ ನಾನೇ. ಆಂಟೆನಾ ಒಂದು ಕೈಯಲ್ಲಿ, ಅದು ಇನ್ನೊಂದು ಕೈಯಲ್ಲಿ. ನಿನ್ನ ಸಮಾಧಾನ ಕೆಡಿಸುವುದು ಬೇಡ ಎಂದುಕೊಂಡೆ.

ಅವತ್ತು ಬೆಳಿಗ್ಗೆ ನಾನು ಹಗ್ಗ ಹೊತ್ತು ಉತ್ತರಕ್ಕೆ ಹೊರಟೆ. ಚಿಕ್ಕಮ್ಮ ಬಯಲಿನಲ್ಲಿ ಮಲಗಿದ್ದಳು. ನನ್ನನ್ನು ನೋಡಿ ಎದ್ದು ದಕ್ಷಿಣಕ್ಕೆ ಓಡಿದಳು. ಸ್ವಲ್ಪ ದೂರ ಓಡಿ ನಿಂತು ತಿರುಗಿ ನೋಡಿದಳು, ನಾನು ಹಿಂದೆ ಬರುತ್ತಿದ್ದೇನೆಯೇ ಎಂದು. ಮತ್ತೆ ಓಡಿದಳು, ಮತ್ತೆ ನಿಂತಳು. ಇಷ್ಟು ತಿಂಗಳೂ ಅವಳು ಹೋದ ಕಡೆ ಹೋದವನಲ್ಲವೇ ನಾನು. ಅವತ್ತು ಹೋಗಲಿಲ್ಲ. ಆಗ ಅವಳು ಕೂಗತೊಡಗಿದಳು.

ನೀನು ತಲೆಯೊಳಗೆ ಏನಿದೆ ಎಂದು ಕೇಳುತ್ತಿದ್ದೆಯಲ್ಲ. ಇದು ನಾನು ಕಂಡದ್ದು.

ತಮ್ಮ

ಸೆಪ್ಟೆಂಬರ್ ೨೭

ಕಡ್ಡಿ,

ನೀನು ಬಂದೂಕಿನ ಬಗ್ಗೆ ಬರೆದ ಭಾಗವನ್ನು ಎಷ್ಟು ಸಲ ಓದಿದೆನೋ. ಲೆಕ್ಕ ಹಾಕಿದೆ. ಐದು. ಕೇಳಿಕೋ ಎಂದೆಯಲ್ಲ, ಕೇಳಿಕೊಳ್ಳುತ್ತಿದ್ದೇನೆ. ಉತ್ತರ ಬಂದರೆ ಬರೆಯುತ್ತೇನೆ, ಬಾರದಿದ್ದರೂ ಬರೆಯುತ್ತೇನೆ.

ಅಂಥವನ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡುವುದು ಹೇಗೆ ಎಂದು ನಾನು ಬರೆದಿದ್ದೆ. ಬರೆಯಬಾರದಿತ್ತು. ನೀನು ಮೂರು ದೋಣಿ ಖಾಲಿ ಕಳಿಸಿದ್ದು ಆಮೇಲೆಯೇ ಎಂದು ಈಗ ಹೊಳೆಯಿತು.

ಚಿಕ್ಕಮ್ಮನಿಗೆ ಎಲ್ಲವನ್ನೂ ಹೇಳಿದೆ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳಿದರು. ಆಮೇಲೆ, "ಅವನು ಸರಿಯಾಗಿ ಊಟ ಮಾಡ್ತಿದ್ದಾನಾ?" ಎಂದರು. ಇನ್ನೂ ಆಮೇಲೆ, "ಅದನ್ನ ಅಲ್ಲಿ ಒಂದೇ ಬಿಟ್ಟು ಬರೋದಾ? ಕೂಗಿ ಕೂಗಿ ಸಾಯುತ್ತೆ. ಕರ್ಕೊಂಡು ಬಾ ಅಂತ ಬರಿ" ಎಂದರು.

ಬರೆಯುವ ಮೊದಲೇ ನಿಮ್ಮ ಇಲಾಖೆಗೆ ಹೋಗಿದ್ದೆ. ಒಮ್ಮೆ ದ್ವೀಪಕ್ಕೆ ಹೋದ ಪ್ರಾಣಿ ವಾಪಸು ಬರುವಂತಿಲ್ಲವಂತೆ, ರೋಗ ಬರುತ್ತದಂತೆ. ರೋಗ ನೋಡುವವಳು ನಾನೇ ಎಂದೆ. ಹಿತ್ತಲಿನ ಕೊನೆಯ ಕೊಟ್ಟಿಗೆಯಲ್ಲಿ ಎರಡು ತಿಂಗಳು ಬೇರೆಯಾಗಿ ಇಡಬೇಕು, ರಕ್ತ ಪರೀಕ್ಷೆ ಮಾಡುತ್ತಿರಬೇಕು. ಒಪ್ಪಿದೆ. ಮುಂದಿನ ದೋಣಿಗೆ ಹತ್ತಿಸು. ಈ ಸಲ ನೀರಿಗೆ ಬೀಳಬೇಡ.

ಅಕ್ಕ

ನವೆಂಬರ್ ೧೫

ಅಕ್ಕ,

ಅವಳು ದೋಣಿ ಹತ್ತಿದ್ದು ಹೇಗೆ ಎಂದು ದೋಣಿಯವನು ಹೇಳಿರಬಹುದು. ನಾನು ಹತ್ತಿರ ಹೋಗಲಿಲ್ಲ. ಗುಡಿಸಲಿನೊಳಗಿದ್ದೆ.

ಹಕ್ಕಿಗಳು ಬಂದವು. ಮತ್ತೆ ಸಸಿ ತರಿಸಿ ನೆಟ್ಟೆವು, ಹಳೆಯ ಪೊದೆಗಳಲ್ಲೂ ಕೆಲವು ಬುಡದಿಂದ ಚಿಗುರಿವೆ. ಪೆಟ್ಟಿಗೆಯ ಬಾಗಿಲು ತೆಗೆದರೆ ಎಷ್ಟೋ ಹೊತ್ತು ಒಂದೂ ಹೊರಗೆ ಬರಲಿಲ್ಲ. ಆಮೇಲೆ ಒಂದು ಬಂತು, ನೆಲದ ಮೇಲೆ ಕುಪ್ಪಳಿಸಿತು, ಪೊದೆಯೊಳಗೆ ನುಗ್ಗಿತು. ಪಂಜರದಲ್ಲಿ ಕಟಕ್ ಕಟಕ್ ಎನ್ನುತ್ತಿತ್ತಲ್ಲ, ಇಲ್ಲಿ ಹಾಗಲ್ಲ. ಅದರ ಹಿಂದೆ ಒಂದು ಉದ್ದ ಎಳೆ ಇದೆ, ಸೀಟಿ ಹೊಡೆದ ಹಾಗೆ. ಪಂಜರದಲ್ಲಿ ಅದನ್ನು ಯಾರೂ ಕೇಳಿರಲಿಲ್ಲವಂತೆ. ಮೇಲಧಿಕಾರಿಗೆ ರೇಡಿಯೊದಲ್ಲಿ ಕೇಳಿಸಿದೆ. "ಇನ್ನೊಂದ್ಸಲ, ಇನ್ನೊಂದ್ಸಲ" ಎಂದರು. ಹಕ್ಕಿ ಅವರ ಮಾತು ಕೇಳಬೇಕಲ್ಲ.

ಗೂಡು ಒಂದು ಕಟ್ಟಿವೆ. ಮೊಟ್ಟೆ ಇದೆಯೋ ಇಲ್ಲವೋ ಗೊತ್ತಿಲ್ಲ, ಹತ್ತಿರ ಹೋಗುವುದಿಲ್ಲ. ನಾನು ಯಾರು, ಏನು ಮಾಡಿದೆ ಎಂದು ಅವಕ್ಕೆ ಗೊತ್ತಿಲ್ಲ. ನನಗೆ ಅದು ಹಿಡಿಸುತ್ತದೆ. ಇದನ್ನು ಕೇಳಲಿಕ್ಕಾಗಿ ಅಷ್ಟೆಲ್ಲ ಮಾಡಬಹುದಿತ್ತೇ ಎಂದು ನೀನು ಕೇಳಿದರೆ, ಪೊದೆಯ ಪಕ್ಕ ಕೂತಾಗ ಹೌದು ಎನ್ನುತ್ತೇನೆ. ಬಯಲಿನ ಕಡೆಗೆ ನಡೆದು ಹೋಗುವಾಗ ನನ್ನನ್ನು ಕೇಳಬೇಡ.

ಬಂದೂಕು ಇಲಾಖೆಗೆ ವಾಪಸು ಹೋಯಿತು. ಫೆಬ್ರವರಿಯಲ್ಲಿ ನನಗೆ ರಜೆ. ಅವಳು ಹೇಗಿದ್ದಾಳೆ ಎಂದು ನಾನು ಕೇಳುವುದಿಲ್ಲ. ನೀನಾಗಿ ಹೇಳಿದರೆ ಓದುತ್ತೇನೆ.

ಕಡ್ಡಿ

ಜನವರಿ ೨೭

ಕಡ್ಡಿ,

ನಾನಾಗಿ ಹೇಳುತ್ತೇನೆ.

ಎರಡು ತಿಂಗಳು ಮುಗಿದ ಮೇಲೆ ಅವಳನ್ನು ಬೇರೆ ಮೇಕೆಗಳ ಜೊತೆ ಹಿತ್ತಲಿಗೆ ಬಿಟ್ಟೆ. ಓಡಿ ಹೋಗಿ ಸೇರಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಚಿಕ್ಕಮ್ಮನೂ ನೋಡಲು ಕುರ್ಚಿ ಹಾಕಿಕೊಂಡು ಕೂತಿದ್ದರು. ಅವಳು ಎದುರಿನ ಮೂಲೆಗೆ ಹೋಗಿ ನಿಂತಳು. ನಮ್ಮವು ಮೂಸಲು ಬಂದವು; ಅವಳು ಗೋಡೆಗುಂಟ ಸರಿದು ಇನ್ನೊಂದು ಮೂಲೆಗೆ ಹೋದಳು. ಅವು ಅಲ್ಲಿಗೆ ಬಂದರೆ ಇವಳು ಇಲ್ಲಿಗೆ. ಮೇವು ಹಾಕಿದರೆ ಎಲ್ಲ ತಿಂದು ಹೋಗುವವರೆಗೆ ಕಾಯುತ್ತಾಳೆ. ಪಟ್ಟಿ ಬಿಚ್ಚಿ ತಿಂಗಳುಗಳಾದವು, ಕತ್ತಿನ ರೋಮವೂ ಮತ್ತೆ ಬೆಳೆದಿದೆ. ಅವಳಿಗೆ ಅದು ಗೊತ್ತಿದೆಯೋ ಇಲ್ಲವೋ.

"ನನ್ನ ಹೆಸರು ವಾಪಸು ಕೊಡು ಅನ್ನು ಇವಳಿಗೆ" ಎಂದರು ಚಿಕ್ಕಮ್ಮ. "ನಾನು ಹೀಗಿರೋಕೆ ಸಾಧ್ಯವೇ ಇಲ್ಲ." ಆದರೆ ಮಾರನೆಯ ದಿನದಿಂದ ಸಂಜೆ ಹೋಗಿ ಅವಳ ಪಕ್ಕ ಕುರ್ಚಿ ಹಾಕಿಕೊಳ್ಳುತ್ತಾರೆ. ಮನುಷ್ಯರು ಬಂದರೆ ಅವಳು ಎದ್ದು ಹೋಗುವುದಿಲ್ಲ, ನೋಡು.

ಹೋದ ವಾರ ನಮ್ಮ ಬಿಳಿ ಮೇಕೆ ಮರಿ ಹಾಕಿತು. ಒಂದೇ ಮರಿ, ಹುಟ್ಟಿದ ಎರಡನೇ ದಿನಕ್ಕೇ ಹಿತ್ತಲೆಲ್ಲ ತನ್ನದು ಎನ್ನುವ ಜಾತಿ. ನಿನ್ನೆ ಅದು ನೆಟ್ಟಗೆ ಮೇಕೆ ಚಿಕ್ಕಮ್ಮನ ಮೂಲೆಗೆ ಹೋಯಿತು. ಅವಳು ಎದ್ದು ಸರಿದಳು. ಮರಿ ಹಿಂದೆಯೇ ಹೋಯಿತು. ತಲೆಯಿಂದ ಮೆಲ್ಲಗೆ ಗುದ್ದಿದಳು. ಮರಿ ಬಿದ್ದು ಎದ್ದು ಆಟ ಎಂದುಕೊಂಡು ಮತ್ತೆ ಬಂತು. ನಾನು ಕಿಟಕಿಯಲ್ಲಿ ನಿಂತಿದ್ದೆ, ಕೈಯಲ್ಲಿ ಯಾರದೋ ನಾಯಿಯ ಮಾತ್ರೆ, ಹೊರಗೆ ಅವರು ಕಾಯುತ್ತಿದ್ದಾರೆ. ಹೋಗಲು ಆಗಲಿಲ್ಲ. ಅವಳು ಹಿತ್ತಲನ್ನು ಒಂದು ಸುತ್ತು ಬಂದಳು, ಮರಿ ಹಿಂದಿಂದೆ. ಎರಡನೇ ಸುತ್ತು. ಗೋಡೆಯ ಮೇಲೆ ನೋಡಿದಳು, ಗೇಟಿನ ಕಡೆ ನೋಡಿದಳು. ತುಂಬಾ ಹೊತ್ತು ಗೇಟನ್ನೇ ನೋಡಿದಳು. ಆಮೇಲೆ ಮಂಡಿ ಮಡಚಿ ಮಲಗಿದಳು. ಮರಿ ಅವಳ ಬೆನ್ನು ಹತ್ತಿ, ಜಾರಿ, ಪಕ್ಕದಲ್ಲೇ ಮುದುಡಿಕೊಂಡಿತು.

ನಂಬಿಕೆ ಬಂತೋ, ಮರೆತಳೋ, ಬರೀ ಸುಸ್ತಾಯಿತೋ, ನನಗೆ ತಿಳಿಯದು. ಚಿಕ್ಕಮ್ಮನನ್ನು ಕೇಳಿದರೆ ಸುಸ್ತು ಎನ್ನುತ್ತಾರೆ. ಇವತ್ತು ಬೆಳಿಗ್ಗೆಯೂ ಮರಿ ಅಲ್ಲೇ ಇತ್ತು.

ರಜೆಗೆ ಬಾ. ನಿನ್ನ ಕೋಣೆಯಲ್ಲಿಟ್ಟಿದ್ದ ಔಷಧಿ ಪೆಟ್ಟಿಗೆಗಳನ್ನು ತೆಗೆಸಿದ್ದೇನೆ. ಆದರೆ ಹಿತ್ತಲಿನ ಗೇಟಿನಿಂದ ಬರಬೇಡ, ಬೀದಿಯ ಬಾಗಿಲಿಂದ ಬಾ. ನಿನ್ನನ್ನು ಕಂಡರೆ ಅವಳು ಮರಿಯ ಹತ್ತಿರದಿಂದ ಎದ್ದು ಹೋಗುತ್ತಾಳೆ. ನನ್ನ ಕಿಟಕಿಯಲ್ಲಿ ನಿಂತು ನೋಡು. ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ಅಕ್ಕ